ಇಸಿಲದ ಲಿಪಿಕಾರನೂ ಚಳ್ಳಕೆರೆಯ ವೆಬ್ ಡೆವಲಪರೂ: ಒಂದು ಅನಗತ್ಯ ಸಂಶೋಧನೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಶೇಂಗಾ ಎಣ್ಣೆಗೆ, ಕಂಬಳಿಗೆ, ರೇಷ್ಮೆ ಸೀರೆಗೆ ಹಾಗೂ ಬಾರದ ಮಳೆಗೆ ಪ್ರಸಿದ್ಧವೆಂಬುದನ್ನು ವಿದ್ವಾಂಸರೆಲ್ಲರೂ ಒಪ್ಪಿದ್ದರೂ, ವೆಬ್ ಡೆವಲಪರ್ ಎಂಬ ವೃತ್ತಿಜೀವಿಯ ಮೂಲಸ್ಥಾನವೂ ಇದೇ ಸೀಮೆಯೆಂಬ ಅಂಶವು ಇದುವರೆಗೆ ಯಾವ ಗ್ಯಾಸೆಟಿಯರ್‌ನಲ್ಲಿಯೂ ನಮೂದಾಗಿಲ್ಲವಾದ್ದರಿಂದ, ಆ ಕೊರತೆಯನ್ನು ನೀಗಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ. ವೆಬ್ ಡೆವಲಪರ್ ಎಂದರೆ, ಬ್ರೌಸರಿನಲ್ಲಿ ತೆರೆದುಕೊಂಡು, ಬಳಸುವವನಿಂದ ಹೆಸರು, ಊರು, ಓಟಿಪಿ ಇತ್ಯಾದಿಗಳನ್ನು ತುಂಬಿಸಿಕೊಂಡು, ಅವನ್ನು ಸರ್ವರ್ ಎಂಬ ದೂರದ ಯಂತ್ರಕ್ಕೆ ಒಪ್ಪಿಸಿ, ಅಲ್ಲಿಂದ ಉತ್ತರ ತಂದು ತೋರಿಸುವ, ಅಥವಾ ಉತ್ತರದ ಬದಲು ಗಿರಗಿರನೆ ಸುತ್ತುವ ವೃತ್ತವೊಂದನ್ನು ಮಾತ್ರ ತೋರಿಸುವ ತಂತ್ರಾಂಶವನ್ನು ಬರೆಯುವ ವ್ಯಕ್ತಿ. ಯೂಸರ್ ಗ್ರೂಪ್ ಅಥವಾ ಬಳಕೆದಾರರ ಬಳಗವೆಂದರೆ, ಒಂದೇ ಯಂತ್ರವನ್ನೋ ಒಂದೇ ಪ್ರೋಗ್ರಾಮಿಂಗ್ ಭಾಷೆಯನ್ನೋ ನೆಚ್ಚಿಕೊಂಡು ಒಂದೇ ಬಗೆಯ ಕಷ್ಟಕ್ಕೆ ಸಿಕ್ಕವರು ಆಗಾಗ ಒಂದೆಡೆ ಸೇರಿ, ತಮಗೆ ಕಷ್ಟವೇ ಇಲ್ಲವೆಂದು ಪರಸ್ಪರ ಭಾಷಣ ಮಾಡುವ ಸಂಸ್ಥೆ.

ಇಂಥ ಬಳಗಗಳಲ್ಲಿ ಮೊದಲನೆಯದು 1955ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಭಾಗದಲ್ಲಿ ಐಬಿಎಂ 704 ಗಣಕವನ್ನು ಕೊಂಡ ಸಂಸ್ಥೆಗಳು ಕಟ್ಟಿಕೊಂಡ ‘ಷೇರ್’ ಎಂದು ಪಾಶ್ಚಾತ್ಯ ಇತಿಹಾಸಕಾರರು ಬರೆಯುತ್ತಾರೆ. ಮೊಳಕಾಲ್ಮೂರು ಬಸ್ಸನ್ನು ಒಮ್ಮೆಯೂ ಹತ್ತದವರ ಈ ಮತವನ್ನು ಸದ್ಯಕ್ಕೆ ಬದಿಗಿಡಬೇಕಾಗುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಕಿರು ಬಂಡೆಶಾಸನಗಳೇ ಈ ಪ್ರಬಂಧದ ಮುಖ್ಯ ಆಕರ. ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಒಂದೇ ಪಠ್ಯವನ್ನು ಮೂರು ಬಂಡೆಗಳ ಮೇಲೆ ಏಕೆ ಕೆತ್ತಿಸಬೇಕಾಯಿತು ಎಂಬ ಪ್ರಶ್ನೆಗೆ ಇತಿಹಾಸಕಾರರು ತಡವರಿಸುತ್ತಾರೆ. ಆದರೆ ಒಂದು ಸರ್ವರ್ ಕೈಕೊಟ್ಟರೆ ಇನ್ನೊಂದು ಇರಲಿ ಎಂದು ಪ್ರತಿಗಳನ್ನು ಬೇರೆ ಬೇರೆ ಕಡೆ ಇರಿಸುವ, ಮಿರರ್ ಎಂದು ಕರೆಯಲಾಗುವ ಪದ್ಧತಿಯನ್ನು ಬಲ್ಲ ಡೆವಲಪರನಿಗೆ ಇದರಲ್ಲಿ ಯಾವ ಗೂಢವೂ ಕಾಣುವುದಿಲ್ಲ. ಆ ಮುಂದಾಲೋಚನೆ ಎಷ್ಟು ಸರಿಯಾಗಿತ್ತೆಂದರೆ, ಬ್ರಹ್ಮಗಿರಿಯ ಪ್ರತಿ ಅಕ್ಷರಗುಂಡು ಎಂಬ ಗೌರವದ ಹೆಸರಿನಲ್ಲಿ ಉಳಿದುಬಂದರೆ, ಜಟಿಂಗ ರಾಮೇಶ್ವರದ ಪ್ರತಿಯು ಜಾತ್ರೆಯ ದಿನಗಳಲ್ಲಿ ಬಳೆ ಮಾರುವವರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದುದರಿಂದ ಬಳೆಗಾರ ಗುಂಡು ಎನಿಸಿಕೊಂಡು, ಅಕ್ಷರಗಳು ಸವೆದು, ಬಹುಪಾಲು ಓದಲಾಗದ ಸ್ಥಿತಿಗೆ ಬಂದಿದೆ. ಪ್ರತಿ ಇರಿಸಿದ ಜಾಗದಲ್ಲಿ ಬೇರೆಯವರು ಬಂದು ಅಂಗಡಿ ಇಡುವುದು ಇಂದಿಗೂ ಬಾಡಿಗೆ ಸರ್ವರುಗಳಲ್ಲಿ ನಡೆದೇ ಇದೆ.

ಶಾಸನದ ಒಕ್ಕಣೆಯೂ ಇದೇ ನಿರ್ಣಯಕ್ಕೆ ಒಯ್ಯುತ್ತದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು, ಎಂದರೆ ಪ್ರಧಾನ ಕಚೇರಿಯ ಹಿರಿಯ ಅಧಿಕಾರಿಗಳು, ಇದೇ ಸೀಮೆಯ ಇಸಿಲದ ಮಹಾಮಾತ್ರರಿಗೆ, ಎಂದರೆ ಶಾಖೆಯವರಿಗೆ, ಮೊದಲು ಆರೋಗ್ಯವನ್ನು ಹಾರೈಸಿ ಆಮೇಲೆ ಆಜ್ಞೆಯನ್ನು ತಿಳಿಸುತ್ತಾರೆ. ಆರೋಗ್ಯ ವಿಚಾರಿಸಿಕೊಂಡು ಬರುವ ಸಂದೇಶದ ಎರಡನೆಯ ವಾಕ್ಯದಲ್ಲಿ ಯಾವಾಗಲೂ ಕೆಲಸವೇ ಇರುತ್ತದೆ ಎಂಬುದನ್ನು ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ತೆರೆದ ಯಾರನ್ನು ಬೇಕಾದರೂ ಕೇಳಿ ಖಚಿತಪಡಿಸಿಕೊಳ್ಳಬಹುದು. ಮುಂದೆ ದೇವಾನಾಂಪ್ರಿಯನು, ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಗಿಲಾಯಿತೆಂದೂ, ಒಂದು ವರ್ಷ ಹೆಚ್ಚೇನೂ ಶ್ರಮಿಸಲಿಲ್ಲವೆಂದೂ, ಆ ಬಳಿಕ ಚೆನ್ನಾಗಿ ಶ್ರಮಿಸಿದೆನೆಂದೂ ಹೇಳಿಕೊಳ್ಳುವುದು ವರ್ಷಾಂತ್ಯದ ಅಪ್ರೈಸಲ್‌ನಲ್ಲಿ ನೌಕರನು ತನ್ನ ಬಗ್ಗೆ ತಾನೇ ಬರೆಯುವ ಟಿಪ್ಪಣಿಯ ಮಾದರಿಯಲ್ಲಿದ್ದು, ಈ ಪ್ರಕಾರದಲ್ಲಿ ಇಷ್ಟು ಪ್ರಾಮಾಣಿಕವಾದ ಬರಹ ಆಮೇಲೆ ಬಂದಿಲ್ಲ. ಧರ್ಮದ ಈ ಕಾರ್ಯವು ಕನಿಷ್ಠ ಒಂದೂವರೆ ಪಟ್ಟು ಬೆಳೆಯುವುದೆಂಬ ಮಾತೂ ಅದೇ ಬಂಡೆಯ ಮೇಲಿದೆ. ಟಾರ್ಗೆಟ್ ಎಂಬ ಪಿಡುಗಿನ ಪ್ರಾಚೀನತೆಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಾಗಿಲ್ಲ. ದೇವಾನಾಂಪ್ರಿಯ ಎಂಬುದು ಕೇವಲ ಯೂಸರ್‌ನೇಮ್ ಎಂಬುದು, ಅದರ ಹಿಂದಿನ ನಿಜವಾದ ಹೆಸರು ಅಶೋಕ ಎಂದು ತೋರಿಸಿಕೊಟ್ಟ ಮಸ್ಕಿಯ ಪ್ರತಿ 1915ರಲ್ಲಿ ದೊರೆತ ಮೇಲೆ ನಿರ್ವಿವಾದವಾಯಿತು.

ಎಲ್ಲಕ್ಕಿಂತ ಮಹತ್ವದ ಆಧಾರವೆಂದರೆ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರನ ರುಜು. ಇಡೀ ಶಾಸನವನ್ನು ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿಯಲ್ಲಿ ಬರೆದ ಈ ಮಹಾಶಯನು, ಕೊನೆಗೆ ತಾನು ಲಿಪಿಕಾರನೆಂದು ಹೇಳುವ ಒಂದೇ ಒಂದು ಪದವನ್ನು, ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅದನ್ನು ಓದಬಲ್ಲವರು ಅಂದಿನ ಇಸಿಲದಲ್ಲಿ ಅವನ ಹೊರತು ಬೇರೆ ಯಾರಾದರೂ ಇದ್ದರೇ ಎಂಬ ಸಂದೇಹ ಸಹಜವಾದುದು. ಗಿರಾಕಿಗೆ ಬೇಡವಾದ, ಮೇಲಧಿಕಾರಿಗೆ ಕಾಣದ, ಯಾರಿಗೂ ಅರ್ಥವಾಗದ, ಆದರೆ ಬರೆದವನಿಗೆ ಪರಮಾನಂದವನ್ನು ಕೊಡುವ ಒಂದು ಸಾಲನ್ನು ಕೋಡಿನ ತುದಿಯಲ್ಲಿ ಸೇರಿಸುವ ಚಟವು ವೆಬ್ ಡೆವಲಪರನ ಹೊರತು ಬೇರಾವ ವೃತ್ತಿಯವರಲ್ಲಿಯೂ ಕಂಡುಬರುವುದಿಲ್ಲ.

ಇನ್ನು ಶಾಸನದಲ್ಲಿ ಬರುವ 256 ಎಂಬ ಸಂಖ್ಯೆಯ ಪ್ರಶ್ನೆ. ಇದು ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳ ಲೆಕ್ಕವೆಂದು ವಿದ್ವಾಂಸ ಬ್ಯೂಲರ್ ಅವರೂ, ಅರಸನು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಇತರರೂ ವಾದಿಸಿದ್ದಾರೆ. ಎಂಟು ಬಿಟ್‌ಗಳ ಒಂದು ಬೈಟ್‌ನಲ್ಲಿ ಹಿಡಿಸುವ ಬೇರೆ ಬೇರೆ ಮೌಲ್ಯಗಳು ಸರಿಯಾಗಿ 256 ಎಂಬುದನ್ನು ಇವರಲ್ಲಿ ಯಾರೂ ಗಮನಿಸದಿರುವುದು ಕಂಪ್ಯೂಟರ್ ಬರುವುದಕ್ಕೆ ಮೊದಲೇ ಬದುಕಿದ್ದರ ಪರಿಣಾಮವಾದ್ದರಿಂದ ಕ್ಷಮಾರ್ಹ. ಬ್ರಾಹ್ಮಿಯ ವಂಶದಲ್ಲಿಯೇ ಹುಟ್ಟಿದ ಕನ್ನಡ ಲಿಪಿಯನ್ನು ಹಳೆಯ ನುಡಿ, ಬರಹ ಮೊದಲಾದ ತಂತ್ರಾಂಶಗಳ ಫಾಂಟುಗಳು ಇದೇ 256 ಮನೆಗಳೊಳಗೆ, ಕೊಂಬು, ದೀರ್ಘ, ಒತ್ತಕ್ಷರಗಳನ್ನೆಲ್ಲ ಬಿಡಿಬಿಡಿಯಾಗಿ ಮುರಿದು ತುಂಬಿದ್ದವು ಎಂಬುದನ್ನು ನೆನೆದರೆ, ಚಪಡನ ದೂರದೃಷ್ಟಿಗೆ ತಲೆಬಾಗದೆ ಗತ್ಯಂತರವಿಲ್ಲ.

ಈ 256 ಮನೆಗಳ ವಾಸ್ತು ಚಳ್ಳಕೆರೆಯ ಡೆವಲಪರನ ಇಂದಿನ ಬದುಕನ್ನು ಹೇಗೆ ಆಳುತ್ತಿದೆ ಎಂಬುದನ್ನು ತುಸು ಸಾವಕಾಶವಾಗಿ ನೋಡಬೇಕು. ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರು ವೆಬ್‌ಸೈಟ್ ಮಾಡಿಸಲು ಒಪ್ಪಿದ್ದಾರೆಂದು ಭಾವಿಸಿದರೆ, ಮೇಲೆ ಮನೆದೇವರ ಚಿತ್ರ, ಅದರ ಕೆಳಗೆ ತಂದೆಯವರ ಚಿತ್ರ, ಅದಕ್ಕೂ ಕೆಳಗೆ ಬಲದಿಂದ ಎಡಕ್ಕೆ ಓಡುವ ಕೆಂಪಕ್ಷರದ ಸ್ವಾಗತ ಎಂಬಲ್ಲಿಗೆ ವಿನ್ಯಾಸದ ಚರ್ಚೆ ಮುಗಿಯುತ್ತದೆ. ಖರೋಷ್ಠಿಯ ಪ್ರಭಾವ ಈ ಓಟದಲ್ಲಿ ಸ್ಪಷ್ಟ. ಪಠ್ಯವು ಬಸ್ ಸ್ಟ್ಯಾಂಡ್ ಪಕ್ಕದ ಡಿಟಿಪಿ ಅಂಗಡಿಯಿಂದ ಪೆನ್ ಡ್ರೈವಿನಲ್ಲಿ ಬರುತ್ತದೆ. ಬ್ರೌಸರಿಗೆ ಹಾಕಿದೊಡನೆ ಕನ್ನಡವೆಲ್ಲ ಮಾಯವಾಗಿ, ತಲೆಗೆ ಟೋಪಿ, ಕಾಲಿಗೆ ಬಾಲ ಇರುವ ಯೂರೋಪಿನ ಅಕ್ಷರಗಳು ಸಾಲುಗಟ್ಟಿ ನಿಲ್ಲುತ್ತವೆ. ಜಗತ್ತಿನ ಪ್ರತಿಯೊಂದು ಲಿಪಿಗೂ ಅದರದೇ ಸಂಖ್ಯೆಗಳನ್ನು ಗೊತ್ತುಮಾಡುವ ಯೂನಿಕೋಡ್ ಎಂಬ ಶಿಷ್ಟತೆಯು 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಮನೆಯನ್ನು ಕೊಟ್ಟಿದ್ದರೂ, ಡಿಟಿಪಿ ಅಂಗಡಿಯಲ್ಲಿ ಹಳೆಯ ಫೈಲುಗಳು ಇರುವವರೆಗೆ ಗೃಹಪ್ರವೇಶ ಮುಗಿಯುವಂತಿಲ್ಲ. ಪರಿವರ್ತಕದಲ್ಲಿ ಹಾಯಿಸಿದ ಮೇಲೂ ಅರ್ಕಾವತ್ತೊಂದು ಪಕ್ಕದ ಅಕ್ಷರದ ಮೇಲೆ ಹಾರಿ ಕೂತಿರುವುದನ್ನು ಡೆವಲಪರನು ಗಮನಿಸುವುದು, ಸಾಹುಕಾರರ ಅಳಿಯಂದಿರು ದುಬೈಯಿಂದ ಫೋನು ಮಾಡಿದಾಗಲೇ.

ಇಂಥವನಿಗೆ ಬಳಗ ಬೇಕೆನಿಸುವುದು ಸಹಜವಾದರೂ, ಬಳಗವಿರುವುದು ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಅಲ್ಲಿನ ಲಿನಕ್ಸ್ ಬಳಕೆದಾರರು 2001ರಲ್ಲಿ ಆರಂಭವಾದ ಲಿನಕ್ಸ್ ಬೆಂಗಳೂರು ಸಮ್ಮೇಳನದಿಂದ ದೇಶಕ್ಕೇ ಹೆಸರಾದರು. ಪೈಥಾನ್ ಭಾಷೆಯವರಿಗೆ ಬ್ಯಾಂಗ್‌ಪೈಪರ್ಸ್ ಇದೆ. ಬಳಗದ ಸಭೆಯ ವಿಧಿಗಳು ಎಲ್ಲೆಡೆ ಒಂದೇ: ಮೊದಲ ಅರ್ಧ ಗಂಟೆ ಪ್ರೊಜೆಕ್ಟರಿನ ಆರಾಧನೆ, ನಡುವೆ ಭಾಷಣ, ಭಾಷಣದ ತುದಿಗೆ ಪ್ರಶ್ನೆಯಲ್ಲದ ಪ್ರಶ್ನೆಯನ್ನು ಏಳು ನಿಮಿಷ ಕೇಳುವ ಒಬ್ಬ ಸದಸ್ಯ, ಕೊನೆಗೆ ಪಿಜ್ಜಾ. ತಂತ್ರಾಂಶವನ್ನು ಬರೆದು ಹಂಚಿಕೊಳ್ಳುವ ಇವರ ಧರ್ಮವು ಹೊರಗಿನಿಂದ ಬಂದದ್ದೆಂಬ ಭ್ರಮೆಯನ್ನು, ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತನ್ನು ಕೇಳಿ ಬೆಳೆದವರು ನಂಬಬೇಕಾಗಿಲ್ಲ. ವ್ಯತ್ಯಾಸವಿಷ್ಟೆ: ಮುಕ್ತ ತಂತ್ರಾಂಶದ ಲೋಕದಲ್ಲಿ ಮಾಡುವವರು ಕೆಲವರು, ಭಿಕ್ಷೆ ಹಲವರಿಗೆ.

ಬಳಗದಲ್ಲಿ ಹೊಸ ಫ್ರೇಮ್‌ವರ್ಕಿನ, ಎಂದರೆ ತಂತ್ರಾಂಶಕ್ಕೆ ಸಿದ್ಧ ಚೌಕಟ್ಟನ್ನು ಒದಗಿಸುವ ಸಾಮಗ್ರಿಯ, ಗುಣಗಾನ ಕೇಳಿ ಬಂದ ಸದಸ್ಯನು ಊರಿಗೆ ಮರಳಿ ಕೈಹಾಕುವುದು ಮಾತ್ರ ಹಳೆಯ ಕೋಡಿಗೇ. 1947ರಲ್ಲಿ ಬ್ರಹ್ಮಗಿರಿಯನ್ನು ಅಗೆಸಿದ ಮಾರ್ಟಿಮರ್ ವೀಲರ್ ಅವರಿಗೆ ಕೆಳಗೆ ಕಲ್ಲಿನ ಕೊಡಲಿಯ ಸಂಸ್ಕೃತಿ, ಅದರ ಮೇಲೆ ಬೃಹತ್ ಶಿಲಾ ಸಂಸ್ಕೃತಿ, ಅದರ ಮೇಲೆ ಆಂಧ್ರ ಸಂಸ್ಕೃತಿ, ಒಂದರ ಬಾಲ ಇನ್ನೊಂದರ ತಲೆಗೆ ತಗುಲಿಕೊಂಡಂತೆ ಕಂಡವು. ಆ ಹಳೆಯ ಕೋಡಿನಲ್ಲಿಯೂ ತಳದಲ್ಲಿ ಪಿಎಚ್‌ಪಿ, ಅದರ ಮೇಲೆ 2006ರ ಜೆಕ್ವೆರಿ, ಅದರ ಮೇಲೆ 2013ರ ರಿಯಾಕ್ಟ್ ಇರುತ್ತವೆ. ಕೆಳಗಿನದನ್ನು ತೆಗೆದರೆ ಮೇಲಿನದು ಬೀಳುತ್ತದೆಂಬ ಭಯದಿಂದ ಯಾರೂ ಏನನ್ನೂ ತೆಗೆದಿರುವುದಿಲ್ಲ.

ಮನೆಯಲ್ಲಿ ಈ ವಿದ್ವತ್ತಿಗೆ ದೊರೆಯುವ ಮನ್ನಣೆ ಅಲ್ಪ. 2023ರ ಏಪ್ರಿಲ್ 2ರಂದು, ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋದ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರೊಂದು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಾಗ, ಅದು ಮನುಷ್ಯರ ಸಹಾಯವಿಲ್ಲದೆ ತಾನಾಗಿಯೇ ರನ್‌ವೇಗೆ ಇಳಿಯಿತು. ವಿಜ್ಞಾನಕ್ಕೆ ಇದು ಗೆಲುವಾದರೂ ಸ್ಥಳೀಯ ಡೆವಲಪರರಿಗೆ ಇದರಿಂದ ಆದ ನಷ್ಟ ಸಣ್ಣದಲ್ಲ, “ವಿಮಾನಾನೇ ಡ್ರೈವರ್ ಇಲ್ದಂಗೆ ಇಳೀತೈತಂತೆ, ನಿನ್ನ ವೆಬ್‌ಸೈಟ್ ಯಾಕಪ್ಪ ಓಪನ್ ಆಗಲ್ಲ?” ಎಂಬ ಪ್ರಶ್ನೆಗೆ ಚಳ್ಳಕೆರೆಯ ಯಾವ ಮಗನಿಂದಲೂ ಯಾವ ತಂದೆಗೂ ಸಮರ್ಪಕ ಉತ್ತರ ದೊರೆಯುವಂತಿಲ್ಲ. ಸೋದರಮಾವಂದಿರ ಪ್ರಿಂಟರ್ ರಿಪೇರಿ, ಅತ್ತೆಯವರ ಮೊಬೈಲಿನ ತುಂಬಿದ ಮೆಮೊರಿ ಇತ್ಯಾದಿಗಳು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲವಾದರೂ ಅವನ ಭಾನುವಾರದ ವ್ಯಾಪ್ತಿಗೆ ಬರುತ್ತವೆ.

ಗಣಕದ ಮೂಲವನ್ನು ಶಾಸನದಲ್ಲಲ್ಲ, ಮಗ್ಗದಲ್ಲಿ ಹುಡುಕಬೇಕೆಂಬ ಪ್ರತಿವಾದವೊಂದು ಹುಟ್ಟುವ ಸಂಭವವಿದೆ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಅವರು ರಂಧ್ರಗಳುಳ್ಳ ಪಟ್ಟಿಗಳಿಂದ ನೇಯ್ಗೆಯ ಚಿತ್ತಾರವನ್ನು ನಿಯಂತ್ರಿಸಿದ್ದು, ಅದರಿಂದ ಬ್ಯಾಬೇಜ್ ಅವರು ತಮ್ಮ ಗಣಕಯಂತ್ರದ ಕಲ್ಪನೆಗೆ ಪ್ರೇರಣೆ ಪಡೆದದ್ದು ಸತ್ಯವೇ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇರುವುದೂ ಸತ್ಯ. ಆದರೆ ಎರಡೂ ವಾದಗಳಲ್ಲಿ ಗೆಲ್ಲುವುದು ಮೊಳಕಾಲ್ಮೂರೇ ಆಗಿರುವುದರಿಂದ ಜಗಳಕ್ಕೆ ಕಾರಣವಿಲ್ಲ. ಚಳ್ಳಕೆರೆಯವರು ಬೇಸರಿಸಬೇಕಾಗಿಲ್ಲ, ಅವರಿಗೆ ಎಣ್ಣೆ ಇದೆ.

ಹೀಗೆ ಇಸಿಲವು ಮೊದಲ ಶಾಖೆಯೆಂದೂ, ಚಪಡನು ಮೊದಲ ಡೆವಲಪರನೆಂದೂ ಸಿದ್ಧಪಟ್ಟಿರುವುದರಿಂದ, ಬೆಂಗಳೂರಿನ ಬಳಗಗಳು ವರ್ಷಕ್ಕೊಂದು ಸಭೆಯನ್ನಾದರೂ ಮೂಲಸ್ಥಾನದಲ್ಲಿ ನಡೆಸಬೇಕೆಂದು ಈ ಮೂಲಕ ಕೋರಲಾಗಿದೆ. ಬರುವವರು ಪಿಜ್ಜಾ ತರಬೇಕಾಗಿಲ್ಲ, ಹುರಿದ ಶೇಂಗಾ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಲ್ಲಿಯೇ ಸಿಗುತ್ತವೆ. ಪ್ರೊಜೆಕ್ಟರಿಗೆ ಬೇಕಾದ ಎಚ್‌ಡಿಎಂಐ ಅಡಾಪ್ಟರನ್ನು ಮಾತ್ರ ತಾವೇ ತರತಕ್ಕದ್ದು.