ಪೃಷ್ಠಭಾರ ಮೀಮಾಂಸೆ

ಶಾಸ್ತ್ರಗ್ರಂಥವು ಅನುಬಂಧಚತುಷ್ಟಯದಿಂದಲೇ ಮೊದಲಾಗತಕ್ಕದ್ದೆಂಬುದು ಹಿರಿಯರು ಹಾಕಿಕೊಟ್ಟ ಕಟ್ಟಳೆ. ಅದನ್ನು ಮೀರುವ ಧಾರ್ಷ್ಟ್ಯ ನಮ್ಮದಲ್ಲ. ಈ ಪ್ರಬಂಧದ ವಿಷಯ, ಬೆನ್ನಿಗೆ ಚೀಲ ಬಿಗಿದು ಪುರಾತನ ಭಗ್ನಾವಶೇಷಗಳ ನಾಡುಗಳಲ್ಲಿ ಸಂಚರಿಸುವ ಬ್ಯಾಕ್‌ಪ್ಯಾಕರ್ ಎಂಬ ಜೀವಿ. ಪ್ರಯೋಜನ, ಆ ಜೀವಿಯ ಸ್ವರೂಪಜ್ಞಾನ ಮತ್ತು ತದ್ದ್ವಾರಾ ಅವನ ಉಪನ್ಯಾಸಗಳಿಂದ ಆತ್ಯಂತಿಕ ನಿವೃತ್ತಿ. ಅಧಿಕಾರಿಯಾದರೋ, "ನಾನು ಟೂರಿಸ್ಟ್ ಅಲ್ಲ, ಟ್ರಾವೆಲರ್" ಎಂಬ ಮಹಾವಾಕ್ಯವನ್ನು ಇಡೀ ಒಂದು ಸಾಯಂಕಾಲ, ಪರದೆಯ ಮೇಲೆ ಮುಗಿಯದೆ ಮೂಡುತ್ತಿದ್ದ ಚಿತ್ರಗಳ ಸಮೇತ, ಕುರ್ಚಿ ಬಿಟ್ಟೇಳದೆ ಕೇಳಿಸಿಕೊಂಡ ಸಹೃದಯನು. ಶಮದಮಾದಿ ಸಂಪತ್ತು ಅಂಥವನಿಗೆ ಅಲ್ಲಿಯೇ ಸಿದ್ಧಿಸಿರುವುದರಿಂದ ಬೇರೆ ಅರ್ಹತೆಯನ್ನು ನಾವು ಅಪೇಕ್ಷಿಸಿಲ್ಲ. ಇನ್ನು ಸಂಬಂಧ: ದೃಷ್ಟಾಂತಕ್ಕೆಂದು ಆರಿಸಿಕೊಂಡಿರುವ ಪೆರು ದೇಶಕ್ಕೂ ನಮಗೂ ಏನು ನಂಟೆಂದು ಕೇಳುವವರು, ಮಸಾಲೆದೋಸೆಯ ಒಳಗಿರುವ ಪಲ್ಯದ ತವರು ಆ ಆಂಡೀಸ್ ಪರ್ವತಗಳೇ ಎಂಬುದನ್ನು ನೆನೆದು ಸಮಾಧಾನಗೊಳ್ಳತಕ್ಕದ್ದು.

ದೇಶವಿಚಾರ. ಇಂಕಾ ಅರಸರ ರಾಜಧಾನಿಯಾಗಿದ್ದ ಕುಸ್ಕೋ ನಗರ ಸಮುದ್ರಮಟ್ಟಕ್ಕಿಂತ ಸುಮಾರು 3,400 ಮೀಟರು ಎತ್ತರದಲ್ಲಿದೆ. ಅಲ್ಲಿ ಬಂದಿಳಿದ ಪರ್ಯಟಕನಿಗೆ ಮೊದಲ ದಿನ ಶಿರಶ್ಶೂಲೆ ಮತ್ತು ಏದುಸಿರು; ಮರುದಿನ, ಹಾಸ್ಟೆಲಿನವರು ಕೊಟ್ಟ ಕೋಕಾ ಎಲೆಯ ಕಷಾಯ ಹೊಟ್ಟೆಗಿಳಿದ ಮೇಲೆ, ಆತ್ಮಸಾಕ್ಷಾತ್ಕಾರ. ಪ್ರಾಣವಾಯುವಿನ ಕೊರತೆಗೂ ಬ್ರಹ್ಮಜ್ಞಾನಕ್ಕೂ ಇರುವ ಕಾರ್ಯಕಾರಣಭಾವವನ್ನು ವೈದ್ಯರಿಗೆ ಬಿಟ್ಟುಕೊಡೋಣ. ಆ ಊರಿನಲ್ಲಿ ಕೊರಿಕಾಂಚವೆಂಬ ಸೂರ್ಯದೇವಾಲಯದ ಬಂಗಾರವನ್ನು ಸುಲಿದ ಸ್ಪೇನಿನವರು, ಅದರ ಗೋಡೆಗಳ ಮೇಲೆಯೇ ಸಾಂತೊ ದೊಮಿಂಗೊ ಮಠವನ್ನು ಎಬ್ಬಿಸಿದರು. 1950ರ ಭೂಕಂಪದಲ್ಲಿ ಮೇಲಿನ ಕಟ್ಟಡ ಬಿರಿದುಬಿದ್ದರೂ, ಗಾರೆಯಿಲ್ಲದೆ ಒಂದಕ್ಕೊಂದು ಹೊಂದಿಸಿಟ್ಟಿದ್ದ ಕೆಳಗಿನ ಕಲ್ಲುಗಳು ನಿಂತೇ ಉಳಿದವು. ಸುಲಿಗೆಯೂ ಹಠವೂ ಒಂದರ ಮೇಲೊಂದು ಕುಳಿತಿರುವ ಇಂಥ ಬೀದಿಯಲ್ಲಿ ನಿಂತು "ಎಷ್ಟು ಮುದ್ದಾದ ಹಳೇ ಊರು!" ಎಂದು ಉದ್ಗರಿಸುವುದಕ್ಕೆ ಅಸಾಧಾರಣವಾದ ಪ್ರತಿಭೆ ಬೇಕು.

ನೈಯಾಯಿಕರ ಕ್ರಮದಂತೆ ಉದ್ದೇಶ, ಲಕ್ಷಣ, ಪರೀಕ್ಷೆಗಳನ್ನು ಕ್ರಮವಾಗಿ ನಿರೂಪಿಸುತ್ತೇವೆ. ಉದ್ದೇಶವೆಂದರೆ ನಾಮಪರಿಗಣನೆ. ಬ್ಯಾಕ್‌ಪ್ಯಾಕರುಗಳು ಅಷ್ಟವಿಧರು.

ಪ್ರಥಮನು ಏಕಾಂತವಾದಿ. ಜನಸಂಪರ್ಕವನ್ನು ತೊರೆದು ಏಕಾಕಿಯಾಗಿ ಇಂಕಾ ಹಾದಿಯಲ್ಲಿ ನಾಲ್ಕು ದಿನ ನಡೆದು ಮಾಚು ಪಿಚು ಸೇರಿದೆನೆಂಬುದು ಈತನ ಪ್ರತಿಜ್ಞೆ. ಆ ಹಾದಿಗೆ ದಿನವೊಂದಕ್ಕೆ ಕೊಡುವ ಪರವಾನಗಿ 500. ಅದರಲ್ಲಿ ಪರ್ಯಟಕರು ಸುಮಾರು 200, ಮಿಕ್ಕವರು ಗೈಡುಗಳು, ಅಡುಗೆಯವರು ಮತ್ತು ಪೋರ್ಟರುಗಳು. ಅಂದರೆ ಪ್ರತಿಯೊಬ್ಬನ ಏಕಾಂತಕ್ಕೂ ತಲಾ ಒಂದೂವರೆ ಆಳಿನ ಸೇವೆ ಸಲ್ಲುತ್ತದೆ.

ದ್ವಿತೀಯನು ಮಿತವ್ಯಯವಾದಿ. ಸಮುದ್ರಗಳನ್ನು ವಿಮಾನದಲ್ಲಿ ದಾಟಿ ಬಂದ ಈ ಮಹಾಶಯನು, ಮೆಟ್ಟಿಲ ಮೇಲೆ ಕುಳಿತು ತಾನು ನೇಯ್ದ ಟೋಪಿಯನ್ನು ಮಾರುವ ಮುದುಕಿಯೊಡನೆ ಎರಡು ಸೋಲ್‌ಗಳಿಗಾಗಿ ಅರ್ಧ ಗಂಟೆ ಚೌಕಾಸಿ ಮಾಡಿ, ಗೆದ್ದು, ಆ ವಿಜಯವನ್ನು "ಸ್ಥಳೀಯರೊಡನೆ ಬೆರೆತೆ" ಎಂಬ ಶೀರ್ಷಿಕೆಯಲ್ಲಿ ಪ್ರಕಟಿಸುತ್ತಾನೆ.

ತೃತೀಯನು ಅನ್ವೇಷಕ. ಈತನ ಕುಲಗುರು ಹೈರಮ್ ಬಿಂಗಮ್. 1911ರ ಜುಲೈಯಲ್ಲಿ ಮೆಲ್ಚೋರ್ ಆರ್ತೆಯಾಗ ಎಂಬ ರೈತನಿಗೆ ಒಂದು ಸೋಲ್ ಕೊಟ್ಟು, ಅವನು ತೋರಿದ ದಾರಿ ಹಿಡಿದು ಮಾಚು ಪಿಚು ಬೆಟ್ಟವನ್ನೇರಿದ ಬಿಂಗಮನಿಗೆ, ಅಲ್ಲಿಯೇ ಇಂಕಾ ಕಟ್ಟೆಹೊಲಗಳಲ್ಲಿ ಬೆಳೆ ತೆಗೆದುಕೊಂಡಿದ್ದ ಒಕ್ಕಲು ಮನೆಯವರು ಸೋರೆಬುರುಡೆಯಲ್ಲಿ ತಣ್ಣೀರನ್ನೂ ಬೇಯಿಸಿದ ಗೆಣಸನ್ನೂ ಕೊಟ್ಟು ಉಪಚರಿಸಿದರು. 1902ರಷ್ಟು ಹಿಂದೆಯೇ ಅಗುಸ್ತೀನ್ ಲಿಸಾರ್ರಗ ಎಂಬ ಪೆರುವಿನವನು ಇದ್ದಿಲಿನಿಂದ ಗೋಡೆಯ ಮೇಲೆ ಗೀಚಿದ್ದ ಹೆಸರನ್ನು ಬಿಂಗಮನೇ ಕಂಡು ಟಿಪ್ಪಣಿ ಮಾಡಿಕೊಂಡಿದ್ದನು. ಆದರೂ ಅದು ಕಳೆದುಹೋದ ನಗರ. 1948ರಲ್ಲಿ ಅವನು ಬರೆದ ಪುಸ್ತಕದ ಹೆಸರೂ ಅದೇ. ಗೆಣಸು ಬೆಳೆಯುವವರಿಗೆ ಸಿಕ್ಕಿದ್ದು ಸಿಕ್ಕಂತಲ್ಲವೆಂಬುದು ಈ ದರ್ಶನದ ಮೂಲಸೂತ್ರ. ಅಲ್ಲಿಂದ ಅಮೆರಿಕಕ್ಕೆ ಸಾಗಿಸಿದ ವಸ್ತುಗಳನ್ನು ಯೇಲ್ ವಿಶ್ವವಿದ್ಯಾನಿಲಯ ಹಿಂದಿರುಗಿಸಿದ್ದು ಶತಮಾನದ ತರುವಾಯ, 2011–12ರಲ್ಲಿ. ಬೆಟ್ಟವನ್ನೇರುವ ಬಸ್ಸಿನ ರಸ್ತೆಗೆ ಇಂದಿಗೂ ಬಿಂಗಮನ ಹೆಸರಿದೆ. ಆರ್ತೆಯಾಗನಿಗೆ ಒಂದು ಸೋಲ್ ಸಂದಿದೆಯಷ್ಟೆ.

ಚತುರ್ಥನಿಂದ ಅಷ್ಟಮನವರೆಗಿನ ಐವರನ್ನು ಕೈಬಿಟ್ಟಿದ್ದೇವೆ. ಅವರೂ ಇವರಂತೆಯೇ ಇದ್ದಾರೆ.

ಇನ್ನು ಲಕ್ಷಣ. "ಸ್ವಪೃಷ್ಠೇನ ಭಾರವಾಹಕತ್ವೇ ಸತಿ ದುರ್ಗಮಪ್ರದೇಶಸಂಚಾರಿತ್ವಂ ಬ್ಯಾಕ್‌ಪ್ಯಾಕರತ್ವಂ". ತನ್ನ ಬೆನ್ನ ಮೇಲೆ ಭಾರ ಹೊತ್ತು ದುರ್ಗಮ ಪ್ರದೇಶದಲ್ಲಿ ನಡೆಯುವವನೇ ಬ್ಯಾಕ್‌ಪ್ಯಾಕರ್. ಲಕ್ಷಣವು ಮೇಲ್ನೋಟಕ್ಕೆ ನಿರ್ದುಷ್ಟವಾಗಿಯೇ ಕಾಣುತ್ತದೆ. ಆದರೆ ಇಂಕಾ ಹಾದಿಯ ಪರ್ಯಟಕನ ಬೆನ್ನ ಮೇಲಿರುವುದು ನೀರಿನ ಬಾಟಲು, ಮಳೆಯಂಗಿ ಮತ್ತು ಕ್ಯಾಮೆರಾ. ಡೇರೆ, ಗ್ಯಾಸ್ ಸಿಲಿಂಡರು, ಪಾತ್ರೆಪಡಗ, ಊಟದ ಮೇಜು, ಮಡಿಸುವ ಕುರ್ಚಿ, ಆತನು ಮಲಗುವ ಚೀಲ, ಇವೆಲ್ಲ ಪೋರ್ಟರಿನ ಬೆನ್ನ ಮೇಲೆ. ಹೀಗೆ ಲಕ್ಷಣಕ್ಕೆ ಪರ್ಯಟಕನಲ್ಲಿ ಅಸಂಭವದೋಷ, ಪೋರ್ಟರಿನಲ್ಲಿ ಅತಿವ್ಯಾಪ್ತಿದೋಷ. ದೋಷಪರಿಹಾರಕ್ಕಾಗಿ "ಸ್ವಪೃಷ್ಠೇನ" ಎಂಬಲ್ಲಿ "ಪರಪೃಷ್ಠೇನ" ಎಂದು ತಿದ್ದಿದರೆ ಸಕಲವೂ ಸಮಂಜಸವಾಗುತ್ತದೆ.

ಪರೀಕ್ಷೆ. ಹಾದಿ ಮೊದಲಾಗುವುದು ರೈಲುದಾರಿಯ 82ನೆಯ ಕಿಲೋಮೀಟರಿನಲ್ಲಿ. ಅಲ್ಲಿ ಪೋರ್ಟರುಗಳು ಸಾಲಾಗಿ ನಿಂತು, ತಮ್ಮ ಮೂಟೆಗಳನ್ನು ಒಂದೊಂದಾಗಿ ತಕ್ಕಡಿಗೆ ಏರಿಸುತ್ತಾರೆ. ಒಬ್ಬನ ಮೇಲೆ 20 ಕಿಲೋವಿಗಿಂತ ಹೆಚ್ಚು ಹೊರಿಸಕೂಡದೆಂಬ ಶಾಸನ ಬಂದದ್ದು 2001ರಲ್ಲಿ. ಮನುಷ್ಯನ ಬೆನ್ನಿಗೂ ಒಂದು ಮಿತಿಯುಂಟೆಂಬುದನ್ನು ಕಾನೂನು ಮಾಡಿ ಹೇಳಬೇಕಾಯಿತು. ಸುತ್ತಲಿನ ಹಳ್ಳಿಗಳ ಕೆಚುವಾ ರೈತರು ಅವರು. ದವಡೆಯಲ್ಲಿ ಕೋಕಾ ಎಲೆ, ಎಷ್ಟೋ ಮಂದಿಯ ಕಾಲಲ್ಲಿ ಹಳೆಯ ಟೈರು ಕೊಯ್ದು ಮಾಡಿದ ಚಪ್ಪಲಿ. 4,215 ಮೀಟರಿನ ಕಣಿವೆದಾರಿಯಲ್ಲಿ ಟ್ರಾವೆಲರನು ಹತ್ತು ಹೆಜ್ಜೆಗೊಮ್ಮೆ ಕೋಲೂರಿ ನಿಂತು ಇತಿಹಾಸವನ್ನು ಅನುಭವಿಸುತ್ತಿರುವಾಗ ಅವರು ಆತನನ್ನು ಓಡುತ್ತ ಹಿಂದೆ ಹಾಕುತ್ತಾರೆ. ಏಕೆಂದರೆ ಆತನು ತಲುಪುವುದರೊಳಗೆ ಡೇರೆ ಎದ್ದಿರಬೇಕು, ಮುಖ ತೊಳೆಯಲು ಬಿಸಿನೀರು ಸಿದ್ಧವಾಗಿರಬೇಕು. ಆತನ ಛಾಯಾಚಿತ್ರಗಳಲ್ಲಿ ಅವರಿಲ್ಲ. ಇದ್ದರೂ ಹೆಸರಿಲ್ಲ. ಆ ಸಾಯಂಕಾಲದ ಉಪನ್ಯಾಸದಲ್ಲಿ ಮೋಡಕ್ಕೆ ಎಂಟು ವಿಶೇಷಣಗಳಿದ್ದವು, ಅವರಿಗೆ ಒಂದು ವಾಕ್ಯವಿರಲಿಲ್ಲ. ಇದನ್ನು ನಗುತ್ತ ಬರೆಯುವುದು ಸಾಧ್ಯವಾಗುತ್ತಿಲ್ಲ.

ನಾವು ನೋಡಲು ಹೋಗುವ ಕಲ್ಲುಗಳಾದರೂ ತಾವಾಗಿ ನಡೆದು ಬಂದವಲ್ಲ. ಬಂಡಿಯಿಲ್ಲದ, ಎತ್ತಿಲ್ಲದ ಆ ನಾಡಿನಲ್ಲಿ ಅವನ್ನು ಎಳೆದದ್ದು ಸರದಿಯ ಮೇಲೆ ದುಡಿಯಲು ಬಂದ ಪ್ರಜೆಗಳು. ಎಳೆಯುವವರ ಕೈತಪ್ಪಿ ಉರುಳಿ ಸಾವಿರಾರು ಜನರನ್ನು ಅರೆದುಹಾಕಿದ ಬಂಡೆಯೊಂದರ ಸಂಗತಿಯನ್ನು, ಕುಸ್ಕೋದಲ್ಲಿಯೇ ಹುಟ್ಟಿದ ಗಾರ್ಸಿಲಾಸೊ 1609ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಹೇಳಿದ್ದಾನೆ; ಆ ಬಂಡೆ ದಣಿದು ರಕ್ತದ ಕಣ್ಣೀರಿಟ್ಟಿತೆಂದು ಜನ ನಂಬಿದ್ದರಂತೆ. ಅವರಿಗೆ ಕಲ್ಲಿನ ದಣಿವೂ ಕಂಡಿತು. ನಮಗೆ ಜೊತೆಯಲ್ಲಿ ನಡೆದ ಮನುಷ್ಯನದು ಕಾಣುವುದಿಲ್ಲ.

ಸಿದ್ಧಾಂತ: ತನ್ನ ಭಾರ ಹೊತ್ತವನ ಹೆಸರು ಕೇಳದೆ ಮರಳಿದವನು ಪೆರುವನ್ನು ಕಂಡವನಲ್ಲ. ಇದಕ್ಕೆ ಆಕ್ಷೇಪವಿರುವವರು 20 ಕಿಲೋ ಮೂಟೆಯನ್ನು ಸ್ವಪೃಷ್ಠದಲ್ಲಿಯೇ ಹೊತ್ತು ಆ ಕಣಿವೆದಾರಿಯನ್ನು ಏರಿ, ಅಲ್ಲಿ ಮಾತಾಡುವಷ್ಟು ಉಸಿರು ಉಳಿದಿದ್ದ ಪಕ್ಷದಲ್ಲಿ, ತಮ್ಮ ವಾದವನ್ನು ಮಂಡಿಸತಕ್ಕದ್ದು.