ಮಾವನ ಮ್ಯಾಗಜಿನ್

"ಮ್ಯಾಗಜಿನ್‌ಗೆ ಬರೀತಿದೀನಿ ಮಾವ" ಎಂದೆ.

"ಎಷ್ಟು ರೌಂಡಿಂದು?" ಎಂದರು.

ನನ್ನ ಸೋದರಮಾವ ಸುಬೇದಾರರಾಗಿ ಪಿಂಚಣಿ ಪಡೆದು ಇಪ್ಪತ್ತು ವರ್ಷ ದಾಟಿತು. ಸಕಲೇಶಪುರದ ಕಡೆ ಮೂರು ಎಕರೆ ಕಾಫಿ, ಒಂದು ನಾಯಿ, ಒಬ್ಬ ಅತ್ತೆ. ಇಷ್ಟೇ ಈಗ ಅವರ ಪಡೆ. ಈ ಪಡೆಯಲ್ಲಿ ಅವರ ಮಾತು ಕೇಳುವುದು ನಾಯಿ ಒಂದೇ. ಅವರ ಪಾಲಿಗೆ ಮ್ಯಾಗಜಿನ್ ಎಂದರೆ ರೈಫಲ್ಲಿನ ಹೊಟ್ಟೆಗೆ ಸಿಕ್ಕಿಸುವ ಗುಂಡಿನ ಡಬ್ಬಿ. ದೀಪಾವಳಿ ವಿಶೇಷಾಂಕವನ್ನು ಅವರು 'ಪುಸ್ತಕ' ಅನ್ನುತ್ತಾರೆ.

ನಾನೂ ಬಿಡಲಿಲ್ಲ. ಎರಡಕ್ಕೂ ಬೇರು ಒಂದೇ, ಉಗ್ರಾಣ ಅನ್ನುವ ಅರ್ಥದ ಅರಬ್ಬಿ ಶಬ್ದ. 1731ರಲ್ಲಿ ಲಂಡನ್ನಿನಲ್ಲಿ ಜಂಟಲ್‌ಮನ್ಸ್ ಮ್ಯಾಗಜಿನ್ ಶುರುವಾದ ಮೇಲೆ ಪತ್ರಿಕೆಗಳಿಗೂ ಆ ಹೆಸರು ಅಂಟಿಕೊಂಡಿತು ಎಂದು ಪಾಂಡಿತ್ಯ ತೋರಿಸಿದೆ. ಮಾವ ತಣ್ಣಗೆ ಕೇಳಿದರು: "ಉಗ್ರಾಣ ಖಾಲಿಯಾಯ್ತು ಅಂತ ಯಾರಾದ್ರೂ ಉಗ್ರಾಣಾನೇ ಬಿಸಾಕ್ತಾರೇನೋ?"

ಈ ಒಂದು ಕಾರಣಕ್ಕೆ ಮಾವನ ಜೊತೆ ಕೂತು ಸಿನಿಮಾ ನೋಡುವುದು ಕಷ್ಟ. ನಾಯಕ ಗುಂಡಿನ ಮಳೆ ಸುರಿಸುತ್ತಾನೆ, ಮಣಿಕಟ್ಟು ಒಂದು ಸಲ ಒದರುತ್ತಾನೆ, ಖಾಲಿ ಮ್ಯಾಗಜಿನ್ ನೆಲಕ್ಕೆ ಬೀಳುತ್ತದೆ, ಹೊಸದು ಏರುತ್ತದೆ. ನಾವೆಲ್ಲ ಖಳನಾಯಕ ಸಾಯುತ್ತಾನೋ ಇಲ್ಲವೋ ಎಂದು ಉಸಿರು ಬಿಗಿಹಿಡಿದರೆ, ಮಾವನ ಕಣ್ಣು ನೆಲದ ಮೇಲೆ. "ಅಯ್ಯೋ, ಎತ್ಕೊಳೋ ಅದನ್ನ! ಸಂಬಳದಲ್ಲಿ ಹಿಡೀತಾರೆ!" ಖಳ ಸತ್ತು, ಹಾಡು ಮುಗಿದು, 'ಶುಭಂ' ಬಂದರೂ ಅವರ ಚಿತ್ತ ಆ ಡಬ್ಬಿಯಲ್ಲೇ.

ಅವರ ವಾದ ಅಡುಗೆ ಗ್ಯಾಸಿನಷ್ಟು ಸರಳ. ಖಾಲಿ ಸಿಲಿಂಡರ್ ಕೊಟ್ಟರೆ ತಾನೆ ತುಂಬಿದ್ದು ಸಿಗುವುದು? ಕಾಡಿನಲ್ಲಿ, ಗುಡ್ಡದಲ್ಲಿ ಇರುವ ಸಿಪಾಯಿಗೆ ಗುಂಡು ಪೆಟ್ಟಿಗೆಯಲ್ಲಿ ಹಿಂದಿನಿಂದ ಬಂದೀತು. ಆದರೆ ಅದನ್ನು ತುಂಬಲು ಡಬ್ಬಿ ಬೇಕಲ್ಲ? ಇದ್ದ ನಾಲ್ಕನ್ನೂ ಹೀರೋ ಥರ ಒದರಿ ಬಿಟ್ಟವನ ಕೈಯಲ್ಲಿ ಆಮೇಲೆ ಉಳಿಯುವುದು ನಾಲ್ಕೂವರೆ ಕಿಲೋದ ದೊಣ್ಣೆ.

ನಮ್ಮ ಅಜ್ಜನ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ. ಅವರದು ಕೇಪಿನ ಕೋವಿ. ಒಂದು ಈಡು ತುಂಬುವುದೆಂದರೆ ಒಂದು ಸಣ್ಣ ಪೂಜೆ: ನಳಿಗೆಯ ಬಾಯಿಗೆ ಮಸಿ, ಅಂದರೆ ಕೋವಿಮದ್ದು ಸುರಿದು, ತೆಂಗಿನ ಕತ್ತ ತುರುಕಿ, ಗಜ ಎಂಬ ಸಲಾಕೆಯಿಂದ ಗುದ್ದಿ, ಚರೆ ಹಾಕಿ, ಮತ್ತೆ ಕತ್ತ, ಮತ್ತೆ ಗುದ್ದು, ಕೊನೆಗೆ ಕೇಪು. ಅಷ್ಟರಲ್ಲಿ ಗದ್ದೆಗೆ ಬಂದ ಹಂದಿ ಊಟ ಮುಗಿಸಿ ತಾಂಬೂಲಕ್ಕೆ ಕಾಯುತ್ತಿರುತ್ತಿತ್ತು. ಒಂದು ರಾತ್ರಿ ಅವಸರದಲ್ಲಿ ಅಜ್ಜ ಗಜವನ್ನು ನಳಿಗೆಯಲ್ಲೇ ಮರೆತು ಕುದುರೆ ಎಳೆದರಂತೆ. ಹಂದಿ ಒಂದು ದಿಕ್ಕಿಗೆ, ಗಜ ಒಂದು ದಿಕ್ಕಿಗೆ. ಮುಂದಿನ ಈಡಿಗೆ ಬೇಕಾದ ಸಾಮಾನನ್ನು ಈ ಈಡಿನಲ್ಲೇ ಹಾರಿಸಿಬಿಡುವ ಚಾಳಿ ನಮ್ಮ ವಂಶಕ್ಕೆ ಅಲ್ಲಿಂದ ಬಂದಿರಬೇಕು. ಬೆಳೆ ರಕ್ಷಣೆಯ ಲೈಸೆನ್ಸಿನ ಆ ಕೋವಿ ಈಗಲೂ ಇದೆ. ಕಾಡು ಕಂಡು ಯಾವ ಕಾಲವಾಯಿತೋ. ಪ್ರತಿ ಚುನಾವಣೆಗೂ ಠಾಣೆಗೆ ಹೋಗಿ ಠೇವಣಿಯಾಗಿ ಕೂತು ಬರುತ್ತದೆ. ನಮ್ಮ ಮನೆಯಲ್ಲಿ ಮತದಾನಕ್ಕೆ ತಪ್ಪದೆ ಹೊರಡುವ ಸದಸ್ಯ ಅದೊಂದೇ.

ಕಳೆದುಕೊಳ್ಳುವ ಜಾತಿ ಸಿಪಾಯಿಯದು ಎಂದು ಬ್ರಿಟಿಷರಿಗೆ ಮೊದಲೇ ಗೊತ್ತಿತ್ತು. 1888ರಲ್ಲಿ ಅವರ ಸೈನ್ಯಕ್ಕೆ ಲೀ-ಮೆಟ್‌ಫರ್ಡ್ ರೈಫಲ್ ಬಂತು. ಕಳಚಬಹುದಾದ ಮ್ಯಾಗಜಿನ್ ಇದ್ದ ರೈಫಲ್. ಕಳಚುವಂತೆ ಮಾಡಿದವರೇ ಅದನ್ನು ಸಣ್ಣ ಸರಪಳಿಯ ಕೊಂಡಿಯಿಂದ ರೈಫಲ್ಲಿಗೇ ಕಟ್ಟಿಹಾಕಿದರು, ಬ್ಯಾಂಕಿನ ಕೌಂಟರಿನ ಪೆನ್ನಿಗೆ ದಾರ ಕಟ್ಟಿದ ಹಾಗೆ. ಅಷ್ಟು ಸಾಲದೆಂದು ಮ್ಯಾಗಜಿನ್ನಿನ ಮೇಲೆ ಸರಿಯುವ ಒಂದು ತಗಡನ್ನೂ ಇಟ್ಟರು. ಅದನ್ನು ಮುಚ್ಚಿ ಒಂದೊಂದೇ ಗುಂಡನ್ನು ಕೈಯಿಂದ ತುಂಬಿ ಹೊಡೆಯಬೇಕು; ಡಬ್ಬಿಯೊಳಗಿನದು ಆಪತ್ಕಾಲಕ್ಕೆ. ನೆಂಟರಿಗೆಂದು ಅಜ್ಜಿ ತುಪ್ಪವನ್ನು ಬೀಗದಲ್ಲಿಟ್ಟು ನಮಗೆ ಮಜ್ಜಿಗೆ ಬಡಿಸುತ್ತಿದ್ದಳಲ್ಲ, ಅದೇ ಯುದ್ಧನೀತಿ. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ತೂಗಿದ ತ್ರೀ ನಾಟ್ ತ್ರೀ ಇದೇ ವಂಶದ ಕುಡಿ.

ಖಾಲಿಯ ಬೆಲೆ ನನಗೆ ಗೊತ್ತಾದದ್ದು ಡಿಗ್ರಿಯಲ್ಲಿದ್ದಾಗ, ಎನ್‌ಸಿಸಿ ಕ್ಯಾಂಪಿನಲ್ಲಿ. ಪಾಯಿಂಟ್ ಟೂ ಟೂ ರೈಫಲ್, ತಲೆಗೆ ಐದು ಗುಂಡು. 'ಭರ್' ಅಂದರೆ ತುಂಬಬೇಕು, 'ಖಾಲಿ ಕರ್' ಅಂದರೆ ಬರಿದು ಮಾಡಬೇಕು. ನಾನು ಹೊಡೆದೆ. ಫಲಿತಾಂಶ ಬಂದಾಗ ನನ್ನ ಟಾರ್ಗೆಟ್ಟಿನಲ್ಲಿ ತೂತೇ ಇಲ್ಲ. ಐದೇ ಗುಂಡು ಹೊಡೆದ ಪಕ್ಕದವನ ಹಾಳೆಯಲ್ಲಿ ಏಳು ತೂತು. ಇದರ ಬಗ್ಗೆ ಹವಾಲ್ದಾರರು ಚಕಾರ ಎತ್ತಲಿಲ್ಲ. ಆದರೆ ಖೋಕಾ, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಚಿಪ್ಪು, ನನ್ನ ಜಾಗದಲ್ಲಿ ಸಿಕ್ಕಿದ್ದು ನಾಲ್ಕೇ. ಆಕಾಶ ಕಳಚಿ ಬಿತ್ತು. ನಲವತ್ತು ಜನ ಸಾಲಾಗಿ ಅಂಬೆಗಾಲಿಟ್ಟು ಹುಲ್ಲು ಬಾಚಿದೆವು. ಕಿರುಬೆರಳ ತುದಿಯಷ್ಟು ಹಿತ್ತಾಳೆಗೆ ಇಡೀ ಸಂಜೆ, ಸಂಜೆಯ ಚಹಾ, ಬಿಸ್ಕೀಟು ಎಲ್ಲ ಬಲಿ. ರಾತ್ರಿ ಬೂಟು ಬಿಚ್ಚಿದಾಗ ಟಣ್ ಎಂದು ಒಂದು ಸದ್ದು. ಐದನೆಯದು ಇಷ್ಟು ಹೊತ್ತೂ ನನ್ನ ಜೊತೆಯೇ ತನ್ನನ್ನು ಹುಡುಕುತ್ತಿತ್ತು. ಬೆಳಿಗ್ಗೆ ಒಪ್ಪಿಸಿದೆ. ಹವಾಲ್ದಾರರು ಪುಸ್ತಕದಲ್ಲಿ ನಾಲ್ಕನ್ನು ಹೊಡೆದು ಐದು ಎಂದು ಬರೆದು, ನನಗೆ ಮೈದಾನ ಮೂರು ಸುತ್ತು ಓಡಿಸಿದರು. ಆ ಏಳು ತೂತಿನ ಬಗ್ಗೆ ಇವತ್ತಿನವರೆಗೆ ನನ್ನನ್ನು ಯಾರೂ ಕೇಳಿಲ್ಲ.

ಈ ಕಥೆ ಕೇಳಿ ಮಾವ ನಗಲಿಲ್ಲ. "ಏಳು, ತೋರಿಸ್ತೀನಿ" ಎಂದು ಕಾಫಿ ಕಣಕ್ಕೆ ಕರೆದುಕೊಂಡು ಹೋದರು. ಮೈಮೇಲೆ ಬನಿಯನ್ನು, ಲುಂಗಿ. ರೈಫಲ್ಲಿನ ಬದಲು ಉದ್ದ ಹಿಡಿಯ ಕೊಡೆ. ಮ್ಯಾಗಜಿನ್ನಿನ ಬದಲು ಮೂರು ಕನ್ನಡಕದ ಡಬ್ಬಿ. ಒಂದು ಓದುವುದರದು, ಒಂದು ದೂರದ್ದು, ಒಂದು ಪೊರೆ ತೆಗೆಸಿದಾಗ ಕೊಟ್ಟ ಕಪ್ಪುಕನ್ನಡಕದ್ದು. ಖಾಲಿ ಡಬ್ಬಿಗೆ ತೂಕ ಸಾಲದೆಂದು ಹಾಕಿಕೊಂಡಿದ್ದ ಕನ್ನಡಕವನ್ನೂ ತೆಗೆದು ಒಂದಕ್ಕೆ 'ಲೋಡ್' ಮಾಡಿದರು. ಅವರ ಕಾಲದ ಎಸ್‌ಎಲ್‌ಆರ್ ರೈಫಲ್ಲಿನ ಇಪ್ಪತ್ತು ಗುಂಡಿನ ಮ್ಯಾಗಜಿನ್ ತುಂಬಿದರೆ ಮುಕ್ಕಾಲು ಕಿಲೋ ಹತ್ತಿರ ತೂಗುತ್ತದೆ, ಹಗುರ ಡಬ್ಬಿಯಲ್ಲಿ ಅಭ್ಯಾಸ ಮಾಡಿದರೆ ಕೈ ಸುಳ್ಳು ಕಲಿಯುತ್ತದೆ ಎಂಬುದು ಅವರ ಸಿದ್ಧಾಂತ.

ಬೋರಲು ಮಲಗಿದರು. "ಕಣ್ಣು ಶತ್ರು ಕಡೆ. ಕೆಲಸ ಎಲ್ಲ ಕೈಯದ್ದು." ಚೀಲದಲ್ಲಿ ತುಂಬಿದ ಮ್ಯಾಗಜಿನ್ ಬಾಯಿ ಕೆಳಗಾಗಿ ಇರಬೇಕು: ಮಳೆ, ಮಣ್ಣು ಒಳಗೆ ಹೋಗಬಾರದು, ಕತ್ತಲಲ್ಲಿ ಎಳೆದರೂ ಅಂಗೈಗೆ ಸರಿಯಾದ ದಿಕ್ಕಿನಲ್ಲೇ ಬರಬೇಕು. ಖಾಲಿಯದು ಬಾಯಿ ಮೇಲಾಗಿ, ಮುಟ್ಟಿದರೇ ಗೊತ್ತಾಗುವಂತೆ. ಪುರಸೊತ್ತಿಲ್ಲದಿದ್ದರೆ ಸೀದಾ ಅಂಗಿಯೊಳಗೆ. ಹಾಕುವಾಗ ಮುಂದಿನ ತುಟಿ ಮೊದಲು ಸಿಕ್ಕಿಸಿ, ಹಿಂದಕ್ಕೆ ಎಳೆದು ಟಕ್ ಎನ್ನಿಸಬೇಕು. ಟಕ್ ಎನ್ನದಿದ್ದರೆ ಮೊದಲ ಗುಂಡಿಗೇ ಕಳಚಿ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯ, ಪೂರ್ತಿ ಖಾಲಿಯಾಗಲು ಕಾಯಬಾರದು. ಆಚೆ ಕಡೆ ಸದ್ದಡಗಿದಾಗಲೇ ಅರ್ಧ ಆದದ್ದನ್ನು ತೆಗೆದು ಜೋಪಾನವಾಗಿಟ್ಟು ತುಂಬಿದ್ದು ಹಾಕಬೇಕು. "ಗೊತ್ತಾಗೋದು ಹೇಗೆ ಮಾವ?" ಎಂದೆ. ತುಂಬುವಾಗ ಮೊದಲು ಎರಡೋ ಮೂರೋ ಟ್ರೇಸರ್ ಹಾಕಿರುತ್ತಾರಂತೆ. ಮೊದಲು ಹೋದದ್ದು ಕೊನೆಗೆ ಬರುತ್ತದೆ. ಕೆಂಪು ಗೀಟು ಎಳೆಯುತ್ತ ಗುಂಡು ಹೋಯಿತೆಂದರೆ ತಳ ಕಂಡಿತು ಎಂದು ಲೆಕ್ಕ. ಆಮೇಲೆ ಬಂದ ಇನ್ಸಾಸ್ ರೈಫಲ್ಲಿನದು ಒಳಗಿನದು ಮಸುಕಾಗಿ ಕಾಣುವ ಪ್ಲಾಸ್ಟಿಕ್ ಮ್ಯಾಗಜಿನ್, ಈ ಲೆಕ್ಕವೂ ಬೇಡ. ನಮ್ಮ ಮನೆಯ ಗ್ಯಾಸ್ ಸಿಲಿಂಡರಿಗೆ ಈ ಬುದ್ಧಿ ಇನ್ನೂ ಬಂದಿಲ್ಲ; ನೆಂಟರು ಬಂದಾಗಲೇ ಅದರ ತಳ ಕಾಣುವುದು.

"ಈಗ ನೋಡು" ಎಂದ ಮಾವ ಕೊಡೆಯಿಂದ ಡಬ್ಬಿ ಕಳಚಿ ಬನಿಯನ್ನಿನೊಳಗೆ ಇಳಿಬಿಟ್ಟು, ಇನ್ನೊಂದು ಎಳೆದು, ಟಕ್ ಎಂದು ಬಾಯಲ್ಲೇ ಸದ್ದು ಮಾಡಿ, ಎದ್ದು ನಾಲ್ಕು ಹೆಜ್ಜೆ ಓಡಿ ಮತ್ತೆ ಮಲಗಿದರು. ನಿಜಕ್ಕೂ ಕಣ್ಣು ರೆಪ್ಪೆ ಮಿಟುಕಿಸುವಷ್ಟರಲ್ಲಿ. ಆದರೆ ಸಿಪಾಯಿಯ ಅಂಗಿಯ ಕೆಳಗೆ ಬೆಲ್ಟ್ ಇರುತ್ತದೆ, ಮಾವನ ಬನಿಯನ್ನಿನ ಕೆಳಗೆ ಗಾಳಿ. ಎಣಿಸಿದಾಗ ಕೊಡೆ ಒಂದು, ಡಬ್ಬಿ ಎರಡು. ಹೋದದ್ದು ಲೋಡ್ ಆಗಿದ್ದ ಡಬ್ಬಿಯೇ. ಮೂಟೆಗಟ್ಟಲೆ ಒಣಹಾಕಿದ್ದ ಕಂದು ಕಾಫಿಯ ನಡುವೆ ಕಂದು ಡಬ್ಬಿ. ಅದನ್ನು ಹುಡುಕಬೇಕಾದ ಕನ್ನಡಕ ಅದರೊಳಗೇ.

ಇಬ್ಬರೂ ಅಂಬೆಗಾಲಿಟ್ಟೆವು. ನನಗೆ ಅಭ್ಯಾಸವಿತ್ತು.

ಕೊನೆಗೆ ಸಂಜೆ ಕಾಫಿ ರಾಶಿ ಮಾಡಲು ಬಂದ ಅತ್ತೆಯ ಹಲಗೆಗೆ ಅದು ತಗಲಿತು. ಅತ್ತೆ ಏನೂ ಅನ್ನಲಿಲ್ಲ. ಒಳಗೆ ಹೋಗಿ ಒಂದು ಕಪ್ಪು ದಾರ ತಂದು, ಕನ್ನಡಕದ ಎರಡು ಕಡ್ಡಿಗೂ ಬಿಗಿದು, ಮಾವನ ಕೊರಳಿಗೆ ಹಾಕಿದರು. ಲೀ-ಮೆಟ್‌ಫರ್ಡ್ ಅತ್ತೆ ಕಂಡವರಲ್ಲ, ಕೇಳಿದವರೂ ಅಲ್ಲ.

ಅಂದಿನಿಂದ ಮಾವ ಶಿಸ್ತನ್ನು ಪುಸ್ತಕಗಳ ಕಪಾಟಿಗೆ ವರ್ಗಾಯಿಸಿದ್ದಾರೆ. ನಾನು ಕಳಿಸುವ ಪತ್ರಿಕೆಗಳಲ್ಲಿ ಓದದವನ್ನು ತಲೆಕೆಳಗಾಗಿ, ಓದಿ ಮುಗಿಸಿದವನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಮೊನ್ನೆ ಹೋದಾಗ ನೋಡಿದೆ: ನನ್ನ ಬರಹ ಇರುವ ಆರು ಸಂಚಿಕೆಗಳೂ ಬಾಯಿ ಕೆಳಗಾಗಿಯೇ ಇವೆ.