ಕಪ್ಪೆಗೆ ಎರೆಹುಳು ಬಡಿಸುವ ವಿಧಾನ

ಬೇಕಾಗುವ ಸಾಮಾನು: ನೆರಳಿನಲ್ಲಿ ಒಂದು ತೊಟ್ಟಿ, ಹಳೆಯ ಸಗಣಿ, ಎರೆಹುಳು, ಕಪ್ಪೆ. ಕೊನೆಯದನ್ನು ತರಲು ಸದ್ಯ ಹೊರಡಬೇಡಿ.

ಮೊದಲು ತೊಟ್ಟಿ ತುಂಬಬೇಕು. ಹಳಿಯಾಳದವರು ಕಬ್ಬಿನ ರವದಿ ಹಾಕಲಿ, ಮುಂಡಗೋಡದವರು ಗೋವಿನಜೋಳದ ದಂಟು ಕೊಚ್ಚಿ ಹಾಕಲಿ. ಜೋಯಿಡಾದವರಿಗೆ ದರಕಿಗೇನು ಬರ? ದಾಂಡೇಲಿ ಪೇಟೆಯವರು ಕಾಯಿಪಲ್ಯೆ ಸಿಪ್ಪೆಯಲ್ಲೇ ಸುಧಾರಿಸಿಕೊಳ್ಳಲಿ. ಹಸಿ ಸಗಣಿ ಮಾತ್ರ ಬೇಡ. ಕೊಳೆಯುವಾಗ ಅದರ ಕಾವು ಏರಿ ಹುಳು ಸಾಯುತ್ತದೆ. ಸತ್ತ ಹುಳುವನ್ನು ಕಪ್ಪೆ ಮೂಸಿಯೂ ನೋಡುವುದಿಲ್ಲ. ಅಲುಗಾಡದ್ದು ಅದರ ಲೆಕ್ಕದಲ್ಲಿ ಊಟವೇ ಅಲ್ಲ.

ಹುಳುವಿನಲ್ಲೂ ಜಾತಿ ನೋಡಬೇಕು, ಕ್ಷಮಿಸಿ. ಎಲ್ಲೆಡೆ ಮಾರುವ ಐಸೀನಿಯಾ ಫೆಟಿಡಾ ಎಂಬ ಕೆಂಪು ಹುಳು ಕಸ ತಿನ್ನುವುದರಲ್ಲಿ ಗಟ್ಟಿಗ. ಆದರೆ ಕೆಣಕಿದರೆ ಮೈಯಿಂದ ಹಳದಿ ರಸ ಬಿಡುತ್ತದೆ. ಆ ರುಚಿಗೆ ಎಷ್ಟೋ ಕಪ್ಪೆಗಳು ತುತ್ತನ್ನು ಉಗುಳಿಬಿಡುತ್ತವೆ. ಆಫ್ರಿಕಾದಿಂದ ಬಂದ ಯೂಡ್ರಿಲಸ್ ಯೂಜೀನಿಯೆ ವಾಸಿ, ಆದರೆ ಬೆಳೆದರೆ ಉದ್ದ. ಚಿಕ್ಕ ಬಾಯಿಗೆ ಮರಿಹುಳು ಆರಿಸಿ.

ಬಡಿಸುವಾಗ ಹುಳುವನ್ನು ಧ್ವಜದಂತೆ ನೆಟ್ಟಗೆ ಹಿಡಿಯಬೇಡಿ. ಜರ್ಮನಿಯ ವಿಜ್ಞಾನಿ ಯೋರ್ಗ್-ಪೀಟರ್ ಎವರ್ಟ್ ನೆಲಗಪ್ಪೆಗಳ ಮುಂದೆ ರಟ್ಟಿನ ಪಟ್ಟಿ ಆಡಿಸಿ ನೋಡಿದರು. ಪಟ್ಟಿ ಉದ್ದುದ್ದಕ್ಕೆ ಹರಿದುಹೋದರೆ ಕಪ್ಪೆ ಬೆನ್ನಟ್ಟುತ್ತಿತ್ತು, ಅದೇ ಪಟ್ಟಿ ನೆಟ್ಟಗೆ ನಿಂತು ಸರಿದರೆ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಇನ್ನು ನುಂಗುವ ಚಂದ: ಕಣ್ಣುಗುಡ್ಡೆಗಳು ಒಳಗಿಳಿದು ತುತ್ತನ್ನು ಗಂಟಲಿಗೆ ನೂಕುತ್ತವೆ. ನೆಲಗಪ್ಪೆಯಾದರೆ ಬಾಯಿಂದ ಜೋತ ಹುಳುವಿನ ಮಣ್ಣನ್ನು ಎರಡೂ ಮುಂಗೈಗಳಿಂದ ಸವರಿ ತೆಗೆಯುತ್ತದೆ. ನಮ್ಮ ಮಕ್ಕಳು ಇಷ್ಟು ಮರ್ಯಾದೆಯಿಂದ ಉಣ್ಣುವುದನ್ನು ನಾನು ಕಂಡಿಲ್ಲ.

ಈಗ ಕಪ್ಪೆಯ ವಿಚಾರ. ಕಪ್ಪೆಕಾಲಿನ ರಫ್ತನ್ನು ಭಾರತ 1987ರಲ್ಲೇ ನಿಲ್ಲಿಸಿತು. ದಾಂಡೇಲಿ, ಜೋಯಿಡಾದ ಸುತ್ತಲಿರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶ; ಅಲ್ಲಿಂದ ಹುಲಿ ಹಾಗಿರಲಿ, ಕಪ್ಪೆಯನ್ನೂ ಬಾಟಲಿಗೆ ಹಾಕಿ ತರುವಂತಿಲ್ಲ. ಆದ್ದರಿಂದ ಕಪ್ಪೆ ಸಾಕುವ ಸರಿಯಾದ ಕ್ರಮ ಹೀಗೆ: ತೊಟ್ಟಿಯ ಪಕ್ಕ ಒಡೆದ ಮಡಕೆಯೊಂದನ್ನು ಬೋರಲು ಹಾಕಿ, ನೆಲ ತೇವವಾಗಿಡಿ, ಕಳೆನಾಶಕ ಹೊಡೆಯಬೇಡಿ. ಚರ್ಮದಿಂದಲೂ ಉಸಿರಾಡುವ ಪ್ರಾಣಿಯ ಮೈಗೆ ಅದು ನೇರ ಇಳಿಯುತ್ತದೆ. ಮಳೆ ಹಿಡಿದ ಮೇಲೆ ಬರುವವರು ಬರುತ್ತಾರೆ. ಹೆಸರಿಡಿ, ಆದರೆ ಕರೆದರೆ ಓಗೊಡುತ್ತದೆಂದು ಕಾಯಬೇಡಿ.

ಗೊಬ್ಬರ ಎತ್ತುವಾಗ ತಳದಲ್ಲಿ ಉಂಗುರ ಉಂಗುರದ ಮೈ, ಎರಡು ಬದಿಗೂ ಹಳದಿ ಪಟ್ಟೆ ಇರುವ ಹಾವಿನಂಥದ್ದು ಕಂಡರೆ ಗುದ್ದಲಿ ಎತ್ತಬೇಡಿ. ಅದು ಇಕ್ತಿಯೋಫಿಸ್, ಕಾಲಿಲ್ಲದ ಉಭಯವಾಸಿ, ಕಪ್ಪೆಯದೇ ಬಳಗ. ಎರೆಹುಳು, ಗೆದ್ದಲು ಅದರ ನಿತ್ಯದ ಊಟ. ಅದಕ್ಕೆ ಬಡಿಸುವ ಕೆಲಸವೂ ಇಲ್ಲ, ಅಡುಗೆಮನೆಯಲ್ಲೇ ಬಿಡಾರ ಹೂಡಿದೆ. ಮೆಲ್ಲಗೆ ಗೊಬ್ಬರ ಮುಚ್ಚಿ, ಆಚೆ ಮೂಲೆಯಿಂದ ಬುಟ್ಟಿ ತುಂಬಿಕೊಳ್ಳಿ. ಹುಳು ಕಡಿಮೆಯಾಗಿದ್ದರೆ ಇನ್ನೊಂದು ಹೆಡಿಗೆ ದರಕು ಹಾಕಿ.